ತೇಜಸ್ ಮತ್ತು ನಕ್ಷೆಯಲ್ಲಿಲ್ಲದ ವಿದ್ಯೆ

(ಡೊಂಬಿವಲಿಯಲ್ಲಿ ಜರುಗಿದ ಸಂಘದ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತರೂಪ)



ಈ ವೇದಿಕೆಯಿಂದ ಸಾಹಿತ್ಯ, ಸಂಗೀತ, ಗಡಿಪ್ರಶ್ನೆಗಳ ಬಗ್ಗೆ ಮಾತನಾಡಿದ ವಿದ್ವಾಂಸರು ಅನೇಕರು. ನಾನು ಅವರ ಸಾಲಿಗೆ ಸೇರಿದವನಲ್ಲ. ವಾಗ್ಳೆ ಎಸ್ಟೇಟಿನ ಯಂತ್ರಭಾಗಗಳ ಕಾರ್ಖಾನೆಗಳಲ್ಲಿ ಮೂವತ್ತೊಂದು ವರ್ಷ ತಪಾಸಣೆಯ ಕೆಲಸ ಮಾಡಿ ನಿವೃತ್ತನಾದವನು. ಕೈಯಲ್ಲಿ ಮೈಕ್ರೋಮೀಟರ್ ಹಿಡಿದೇ ಬದುಕಿದವನಿಗೆ ಯುದ್ಧವಿಮಾನದ ಬಗ್ಗೆ ಮಾತನಾಡಲು ಏನು ಅಧಿಕಾರವೆಂದು ತಾವು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ.

ಇದಕ್ಕೆ ಕಾರಣವಾದದ್ದು ಲೋಕಲ್ ಗಾಡಿಯಲ್ಲಿ ಕೇಳಿದ ಒಂದು ವಾಗ್ವಾದ. 2025ರ ನವೆಂಬರ್ 21ರಂದು ದುಬೈ ವೈಮಾನಿಕ ಪ್ರದರ್ಶನದಲ್ಲಿ ನಮ್ಮ ತೇಜಸ್ ವಿಮಾನ ನೆಲಕ್ಕಪ್ಪಳಿಸಿ ವಿಂಗ್ ಕಮಾಂಡರ್ ನಮಾಂಶ್ ಸ್ಯಾಲ್ ಮೃತರಾದರು. ಮರುದಿನ ಥಾಣೆಯಿಂದ ಹೊರಟ ಗಾಡಿಯಲ್ಲಿ ನಮ್ಮವರೇ ಆದ ಇಬ್ಬರು ತರುಣರು ಕನ್ನಡದಲ್ಲಿ ಜಗಳವಾಡುತ್ತಿದ್ದರು. 'ನಲವತ್ತು ವರ್ಷ ಹಣ ಸುರಿದರೂ ನಮ್ಮವರಿಗೆ ಒಂದು ವಿಮಾನ ಮಾಡಲು ಬರುವುದಿಲ್ಲ' ಎಂದು ಒಬ್ಬನ ವಾದ. 'ಜಗತ್ತಿನಲ್ಲೇ ಇಂಥ ವಿಮಾನವಿಲ್ಲ, ಹೊರಗಿನವರಿಗೆ ಹೊಟ್ಟೆಕಿಚ್ಚು' ಎಂದು ಇನ್ನೊಬ್ಬನದು. ಒಬ್ಬನದು ತಾತ್ಸಾರ, ಮತ್ತೊಬ್ಬನದು ಜಂಬ. ಆ ವಿಮಾನದ ಒಳಗೆ ಏನಿದೆ, ಅದರಲ್ಲಿ ಯಾವುದು ನಮ್ಮದು, ಯಾವುದು ನಮ್ಮದಲ್ಲ ಎಂಬುದರ ವಿಚಾರ ಇಬ್ಬರಿಗೂ ಬೇಕಿರಲಿಲ್ಲ. ಕೋಪರ್ ದಾಟುವ ಹೊತ್ತಿಗೆ ಈ ಭಾಷಣದ ವಿಷಯ ನನ್ನ ಮನಸ್ಸಿನಲ್ಲಿ ನಿಶ್ಚಿತವಾಗಿತ್ತು.

ಮೊದಲು ವಿಮಾನದ ಲಕ್ಷಣಗಳನ್ನು ನೋಡೋಣ. ತೇಜಸ್ ಸಣ್ಣ ವಿಮಾನ. ಉದ್ದ 13.2 ಮೀಟರ್, ರೆಕ್ಕೆಯ ತುದಿಯಿಂದ ತುದಿಗೆ 8.2 ಮೀಟರ್. ನಮ್ಮ ಲೋಕಲ್ ಗಾಡಿಯ ಒಂದು ಡಬ್ಬಿಗಿಂತ ಗಿಡ್ಡ. ಶಸ್ತ್ರ, ಇಂಧನ ಎಲ್ಲವೂ ತುಂಬಿದಾಗ ಗರಿಷ್ಠ ತೂಕ 13,500 ಕಿಲೋ. ಎಂಜಿನ್ ಒಂದೇ. ಬಾಲದ ಬಳಿ ಇರಬೇಕಾದ ಅಡ್ಡರೆಕ್ಕೆ ಇದಕ್ಕಿಲ್ಲ. ತ್ರಿಕೋನಾಕಾರದ ಒಂದೇ ಜೋಡಿ ರೆಕ್ಕೆ ಎಲ್ಲ ಕೆಲಸವನ್ನೂ ಮಾಡುತ್ತದೆ. ಅಸ್ಥಿಪಂಜರದ ತೂಕದಲ್ಲಿ ಸುಮಾರು ಶೇಕಡಾ 45ರಷ್ಟು ಲೋಹವಲ್ಲ, ಅಂಟಿನಲ್ಲಿ ಅದ್ದಿ ಪದರಪದರವಾಗಿ ಹೊಂದಿಸಿ ಬೇಯಿಸಿದ ಕಾರ್ಬನ್ ನಾರು. ಇದರಿಂದ ಮೈ ಹಗುರವಾಯಿತು. ಸಾವಿರಾರು ರಿವೆಟ್ಟುಗಳು ತಪ್ಪಿದವು.

ಈಗ ಒಂದು ಆಶ್ಚರ್ಯದ ಮಾತು. ನಾವು ಕುಳಿತು ಹೋಗುವ ಪ್ರಯಾಣಿಕ ವಿಮಾನವನ್ನು ಗಾಳಿ ಅಲುಗಿಸಿದರೆ ಅದು ತಾನಾಗಿ ಮೊದಲಿನ ನೆಲೆಗೆ ಮರಳುತ್ತದೆ. ಅದರ ಭಾರಕೇಂದ್ರ ಮುಂದಿರುವಂತೆ ರಚಿಸಿರುತ್ತಾರೆ. ಆಧುನಿಕ ಯುದ್ಧವಿಮಾನಕ್ಕೆ ಈ ಸ್ಥಿರತೆಯೇ ಶತ್ರು. ಸ್ಥಿರವಾದದ್ದು ಬೇಗ ತಿರುಗುವುದಿಲ್ಲ. ಆದುದರಿಂದ ಬೇಕೆಂದೇ ಅದನ್ನು ಅಸ್ಥಿರವಾಗಿ ಕಟ್ಟುತ್ತಾರೆ. ಅಂಗೈಯ ಮೇಲೆ ಕೋಲನ್ನು ನೆಟ್ಟಗೆ ನಿಲ್ಲಿಸಿಕೊಂಡು ನಡೆಯುವ ಹುಡುಗನನ್ನು ನೋಡಿದ್ದೀರಿ. ಅವನ ಕೈ ಒಂದು ಕ್ಷಣವೂ ಸುಮ್ಮನಿರುವಂತಿಲ್ಲ. ತೇಜಸ್ಸಿನಲ್ಲಿ ಆ ಕೈಯ ಕೆಲಸವನ್ನು ಮಾಡುವುದು ಗಣಕ. ಪೈಲಟ್ ತನ್ನ ಕೋಲನ್ನು ಎಳೆದಾಗ ಅದು ರೆಕ್ಕೆಯ ಅಂಚನ್ನು ನೇರವಾಗಿ ಎಳೆಯುವುದಿಲ್ಲ. 'ನನಗೆ ಇಂಥ ತಿರುವು ಬೇಕು' ಎಂದು ಗಣಕಕ್ಕೆ ಅರಿಕೆ ಮಾಡಿಕೊಳ್ಳುತ್ತದೆ. ಗಣಕ ವೇಗ, ಎತ್ತರ, ತೂಕಗಳನ್ನೆಲ್ಲ ಲೆಕ್ಕಹಾಕಿ, ಸೆಕೆಂಡಿಗೆ ಹಲವು ಹತ್ತು ಬಾರಿ ರೆಕ್ಕೆಯ ಅಂಚುಗಳನ್ನು ಸರಿಪಡಿಸುತ್ತಿರುತ್ತದೆ. ಅದು ತಪ್ಪಿದರೆ ಮನುಷ್ಯನ ಕೈ ಅದನ್ನು ಹಿಡಿದು ನಿಲ್ಲಿಸಲಾರದು. ಈ ಕಾರಣದಿಂದ ಒಂದರ ಬದಲು ನಾಲ್ಕು ಮಾರ್ಗಗಳಿವೆ. ಒಂದು ಕೆಟ್ಟರೆ ಉಳಿದವು ಅದನ್ನು ಬದಿಗಿರಿಸಿ ಕೆಲಸ ಮುಂದುವರಿಸುತ್ತವೆ.

ಇದನ್ನು ನಾವು ಕಲಿತ ಬಗೆ ಕೇಳಬೇಕಾದದ್ದು. ಲಘು ಯುದ್ಧವಿಮಾನದ ಯೋಜನೆಗೆ ಒಪ್ಪಿಗೆ ದೊರೆತದ್ದು 1983ರಲ್ಲಿ; ಅದಕ್ಕಾಗಿ ಬೆಂಗಳೂರಿನಲ್ಲಿ ವೈಮಾನಿಕ ಅಭಿವೃದ್ಧಿ ಸಂಸ್ಥೆ ಹುಟ್ಟಿದ್ದು 1984ರಲ್ಲಿ. ಗಣಕದ ಮೂಲಕ ಹಾರಿಸುವ ಈ ವಿದ್ಯೆಯಲ್ಲಿ ಅಮೆರಿಕದ ಕಂಪನಿಯೊಂದರ ಸಹಕಾರವಿತ್ತು. 1998ರ ಮೇ ತಿಂಗಳಲ್ಲಿ ಪೋಖರಣ್ ಅಣುಪರೀಕ್ಷೆ ನಡೆಯಿತು. ಅಮೆರಿಕ ನಿರ್ಬಂಧ ಹೇರಿತು. ಅಲ್ಲಿ ಕೆಲಸ ಮಾಡುತ್ತಿದ್ದ ನಮ್ಮ ಎಂಜಿನಿಯರುಗಳು ಬರಿಗೈಯಲ್ಲಿ ಮರಳಬೇಕಾಯಿತು. ಯೋಜನೆ ಮುಗಿಯಿತೆಂದೇ ಅನೇಕರು ಬರೆದರು. ಆದರೆ ವಿಮಾನ ಹೇಗೆ ಹಾರಬೇಕೆಂಬ ನಿಯಮಗಳನ್ನು ರಚಿಸುವ ತಂಡವೊಂದು ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದಲ್ಲಿ ಅದಾಗಲೇ ಬೆಳೆದಿತ್ತು. ಉಳಿದದ್ದನ್ನು ಅವರು ತಾವೇ ಬರೆದು, ತಾವೇ ಪರೀಕ್ಷಿಸಿದರು. ಕೋಟಾ ಹರಿನಾರಾಯಣರು ಯೋಜನೆಯ ನೇತೃತ್ವ ವಹಿಸಿದ್ದರು. 2001ರ ಜನವರಿ 4ರಂದು ವಿಂಗ್ ಕಮಾಂಡರ್ ರಾಜೀವ್ ಕೋಥಿಯಾಲ್ ಅದನ್ನು ಬೆಂಗಳೂರಿನ ಆಕಾಶಕ್ಕೆ ಒಯ್ದು ಸುರಕ್ಷಿತವಾಗಿ ಇಳಿಸಿದರು. 2003ರಲ್ಲಿ ಪ್ರಧಾನಿ ವಾಜಪೇಯಿಯವರು ಅದಕ್ಕೆ ತೇಜಸ್ ಎಂದು ಹೆಸರಿಟ್ಟರು. ಅಸ್ಥಿರವಾದ ವಿಮಾನವನ್ನು ಆಕಾಶದಲ್ಲಿ ನಿಲ್ಲಿಸುವ ವಿದ್ಯೆ ಹೀಗೆ ನಮ್ಮದಾಯಿತು. ಯಾರೂ ಕೊಡದಿದ್ದಾಗ ಅದು ನಮ್ಮದಾಯಿತು ಎಂಬುದನ್ನು ತಾವು ಗಮನಿಸಬೇಕು.

ಎರಡನೆಯದು ವಿಮಾನದ ಕಣ್ಣು. ಇಂದಿನ ಆಕಾಶಯುದ್ಧದಲ್ಲಿ ಪೈಲಟ್ ಶತ್ರುವಿನ ಮುಖವನ್ನು ಕಾಣುವ ಸಂದರ್ಭ ವಿರಳ. ಯಾರು ಮೊದಲು ಕಂಡರೋ ಅವರು ಮೊದಲು ಹೊಡೆಯುತ್ತಾರೆ. ನಮ್ಮಲ್ಲೇ ರೂಪುಗೊಂಡ ಅಸ್ತ್ರ ಕ್ಷಿಪಣಿ ನೂರು ಕಿಲೋಮೀಟರಿಗೂ ಮಿಕ್ಕಿದ ದೂರಕ್ಕೆ ಹಾರಬಲ್ಲದು. ಹಳೆಯ ರಡಾರು ತಟ್ಟೆಯಂತೆ ತಿರುಗುತ್ತಾ ನೋಡುತ್ತಿತ್ತು. ಹೊಸದರಲ್ಲಿ ತಿರುಗುವ ತಟ್ಟೆಯಿಲ್ಲ. ನೂರಾರು ಪುಟ್ಟ ಪ್ರೇಷಕಗಳು ಒಂದೇ ಹಲಗೆಯಲ್ಲಿ ಕುಳಿತು, ಅಲೆಯನ್ನು ಕ್ಷಣಾರ್ಧದಲ್ಲಿ ಬೇಕಾದ ದಿಕ್ಕಿಗೆ ತಿರುಗಿಸುತ್ತವೆ. ತೇಜಸ್ಸಿಗೆ ಆರಂಭದಲ್ಲಿ ಇಸ್ರೇಲಿನ ರಡಾರು ಬಂತು. 'ಉತ್ತಮ್' ಎಂಬ ನಮ್ಮದೇ ರಡಾರು ಬೆಂಗಳೂರಿನಲ್ಲೇ ರೂಪುಗೊಂಡು ವಿಮಾನಗಳ ಮೇಲೆ ಪರೀಕ್ಷೆಗೊಳಗಾಯಿತು. ಕಣ್ಣಿನ ವಿಷಯದಲ್ಲೂ ದಾರಿ ತೆರೆದಿದೆ ಎನ್ನಬಹುದು.

ಮೂರನೆಯದು ಹೃದಯ, ಎಂದರೆ ಎಂಜಿನ್. ನನ್ನ ಮಾತಿನ ತಿರುಳು ಇಲ್ಲಿದೆ.

ಜೆಟ್ ಎಂಜಿನಿನ ಸೂತ್ರ ಸರಳ. ಗಾಳಿಯನ್ನು ಒಳಗೆಳೆದು, ಒತ್ತಿ, ಇಂಧನ ಬೆರೆಸಿ ಉರಿಸಿ, ಹಿಂದಕ್ಕೆ ಚಿಮ್ಮಿಸುವುದು. ಕಷ್ಟವಿರುವುದು ಬೆಂಕಿಯ ಹಿಂದೆ ತಿರುಗುವ ಟರ್ಬೈನಿನ ಅಲಗುಗಳಲ್ಲಿ. ಅವುಗಳಿಗೆ ಬಡಿಯುವ ಅನಿಲದ ಉಷ್ಣತೆ ಆ ಅಲಗಿನ ಲೋಹ ಕರಗುವ ಮಟ್ಟಕ್ಕಿಂತಲೂ ಮೇಲಿರುತ್ತದೆ. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವಾಗ ಅಂಗೈಗಿಂತ ಸಣ್ಣದಾದ ಒಂದೊಂದು ಅಲಗನ್ನೂ ಟನ್ನುಗಟ್ಟಲೆ ಬಲ ಹೊರಕ್ಕೆ ಸೆಳೆಯುತ್ತದೆ. ಆದರೂ ಅದು ಕರಗಬಾರದು, ಹಿಗ್ಗಬಾರದು, ಬಿರಿಯಬಾರದು. ಇದಕ್ಕಾಗಿ ಅಲಗನ್ನು ಒಂದೇ ಹರಳಾಗಿ ಎರಕಹೊಯ್ಯುತ್ತಾರೆ. ಒಳಗೆ ಕೂದಲೆಳೆಯಂಥ ದಾರಿಗಳನ್ನು ಬಿಟ್ಟು ತಂಪುಗಾಳಿ ಹಾಯಿಸುತ್ತಾರೆ. ಮೇಲೆ ಪಿಂಗಾಣಿಯ ಲೇಪ ಹಚ್ಚುತ್ತಾರೆ. ಇಂಥ ಎಂಜಿನನ್ನು ಸ್ವತಃ ರೂಪಿಸಿ ತಯಾರಿಸಬಲ್ಲ ದೇಶಗಳನ್ನು ಎಣಿಸಲು ಒಂದು ಕೈಯ ಬೆರಳುಗಳು ಹೆಚ್ಚುಕಡಿಮೆ ಸಾಕು.

ಬೆಂಗಳೂರಿನಲ್ಲಿ ಇಂಥ ಎಂಜಿನ್ ರೂಪಿಸುವ ಕಾರ್ಯಕ್ಕೆ 1989ರಲ್ಲಿ ಮಂಜೂರಾತಿ ದೊರೆಯಿತು. ಅದಕ್ಕಿಟ್ಟ ಹೆಸರು ನಮಗೆಲ್ಲ ತಾಯಿಯಂಥ ಹೆಸರು: ಕಾವೇರಿ. ಆ ಎಂಜಿನ್ ಉರಿಯಿತು, ತಿರುಗಿತು. 2010ರಲ್ಲಿ ರಷ್ಯಾದಲ್ಲಿ ದೊಡ್ಡ ವಿಮಾನವೊಂದಕ್ಕೆ ಕಟ್ಟಿ ಹಾರಿಸಿಯೂ ನೋಡಿದರು. ಆದರೆ ತೂಕ ಹೆಚ್ಚಾಯಿತು, ನೂಕುಬಲ ಸಾಲಲಿಲ್ಲ. 2008ರಲ್ಲಿಯೇ ಅದನ್ನು ತೇಜಸ್ಸಿನಿಂದ ಬೇರ್ಪಡಿಸಲಾಗಿತ್ತು. ತೇಜಸ್ ಹಾರುತ್ತಿರುವುದು ಅಮೆರಿಕದ ಎಫ್-404 ಎಂಜಿನಿನ ಬಲದಿಂದ. ಸುಧಾರಿತ ತೇಜಸ್ 83 ವಿಮಾನಗಳಿಗೆ 2021ರಲ್ಲಿ ಬೇಡಿಕೆ ಸಲ್ಲಿಸಲಾಯಿತು. ಮೊದಲನೆಯದು 2024ರ ಮಾರ್ಚಿನೊಳಗೆ ವಾಯುಪಡೆಯ ಕೈಸೇರಬೇಕಿತ್ತು. ಆದರೆ ಬೇಡಿಕೆಯಿಟ್ಟ 99 ಎಂಜಿನುಗಳಲ್ಲಿ ಮೊದಲನೆಯದೇ ಅಮೆರಿಕದಿಂದ ಹೊರಟದ್ದು 2025ರ ಮಾರ್ಚಿನಲ್ಲಿ. ವಿಳಂಬಕ್ಕೆ ಬೇರೆ ಕಾರಣಗಳೂ ಉಂಟು. ಆದರೆ ಎಂಜಿನ್ ಇಲ್ಲದ ವಿಮಾನಕ್ಕೆ ಉಳಿದ ಕಾರಣಗಳ ಚರ್ಚೆ ಬೇಕಿಲ್ಲ. 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಮಿಗ್-21 ವಿಮಾನಗಳಿಗೆ ವಿದಾಯ ಹೇಳಿದಾಗ, 42 ಸ್ಕ್ವಾಡ್ರನ್ ಇರಬೇಕಾದ ವಾಯುಪಡೆಯಲ್ಲಿ 29 ಉಳಿದವು.

ಇದು ನಮಗೆ ಮೊದಲ ಸಲವೇನಲ್ಲ. 1956ರಲ್ಲಿ ಜರ್ಮನಿಯ ಪ್ರಸಿದ್ಧ ವಿನ್ಯಾಸಕಾರ ಕುರ್ಟ್ ಟ್ಯಾಂಕ್ ಬೆಂಗಳೂರಿಗೆ ಬಂದರು. ಅವರ ಮಾರ್ಗದರ್ಶನದಲ್ಲಿ ಭಾರತೀಯ ಎಂಜಿನಿಯರುಗಳು ಕಟ್ಟಿದ ಎಚ್.ಎಫ್.-24 ಮಾರುತ್ 1961ರ ಜೂನ್ 17ರಂದು ಹಾರಿತು. ಅದಕ್ಕೆಂದು ಯೋಜಿಸಿದ್ದ ಬಲವಾದ ಎಂಜಿನನ್ನು ಬ್ರಿಟನ್ ಅರ್ಧಕ್ಕೆ ಕೈಬಿಟ್ಟಿತು. ಅದರ ಅಭಿವೃದ್ಧಿಗೆ ಹಣ ತೊಡಗಿಸಲು ನಮ್ಮ ಸರಕಾರ ಮುಂದಾಗಲಿಲ್ಲ. ಶಬ್ದದ ವೇಗವನ್ನು ಬಹುದೂರ ಮೀರಬೇಕಿದ್ದ ಮಾರುತ್ ಸಣ್ಣ ಎಂಜಿನುಗಳಿಂದಾಗಿ ಆ ವೇಗದ ಹೊಸ್ತಿಲಲ್ಲೇ ನಿಂತಿತು. ಹೆಚ್ಚಿನ ಬಲದ ಮಾದರಿಯನ್ನು ಪರೀಕ್ಷಿಸುತ್ತಿದ್ದ ಗ್ರೂಪ್ ಕ್ಯಾಪ್ಟನ್ ಸುರಂಜನ್ ದಾಸ್ 1970ರ ಜನವರಿ 10ರಂದು ಅಪಘಾತದಲ್ಲಿ ಮಡಿದರು. ಬೆಂಗಳೂರಿನ ಸುರಂಜನ್ ದಾಸ್ ರಸ್ತೆಯಲ್ಲಿ ರಿಕ್ಷಾ ಹಿಡಿಯುವ ನಮ್ಮ ಬಂಧುಗಳಲ್ಲಿ ಎಷ್ಟು ಮಂದಿಗೆ ಆ ಹೆಸರಿನ ಅರ್ಥ ಗೊತ್ತು? ಅದೇ ಮಾರುತ್ 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಮೆಚ್ಚುವಂತೆ ಕೆಲಸ ಮಾಡಿತು. 147 ವಿಮಾನಗಳನ್ನು ಕಟ್ಟಿದ ಮೇಲೆ ಅದರ ವಂಶ ನಿಂತುಹೋಯಿತು. ಕಟ್ಟಿದ ಕೈಗಳು ಚದುರಿದವು. ತೇಜಸ್ ಯೋಜನೆಯವರು ಅನೇಕ ಪಾಠಗಳನ್ನು ಮತ್ತೆ ಮೊದಲಿಂದ ಕಲಿಯಬೇಕಾಯಿತು.

'ಅದೇ ಕಾಲದಲ್ಲಿ ನಮ್ಮ ನಾಶಿಕದ ಬಳಿಯ ಓಝರ್‌ನಲ್ಲಿ ನೂರಾರು ಮಿಗ್ ವಿಮಾನಗಳನ್ನು ತಯಾರಿಸಿದೆವಲ್ಲ, ಅದರ ವಿದ್ಯೆ ಎಲ್ಲಿ ಹೋಯಿತು?' ಎಂದು ತಾವು ಕೇಳಬಹುದು. ಇದಕ್ಕೆ ಉತ್ತರವನ್ನು ನಾನು ಪುಸ್ತಕದಲ್ಲಿ ಕಲಿತಿಲ್ಲ. ನನ್ನದೇ ತಪ್ಪಿನಿಂದ ಕಲಿತೆ. ಇಂದು ಅದನ್ನು ತಮ್ಮೆದುರು ಒಪ್ಪಿಕೊಳ್ಳುತ್ತೇನೆ.

ನಾನು ಕೆಲಸಕ್ಕಿದ್ದ ಒಂದು ಸಣ್ಣ ಕಾರ್ಖಾನೆಗೆ ಪಂಪಿನ ಶಾಫ್ಟುಗಳ ಕೆಲಸ ಬಂದಿತ್ತು. ನಕ್ಷೆ ಪರದೇಶದ್ದು. ಶಾಫ್ಟಿನ ವ್ಯಾಸ ದೊಡ್ಡದರಿಂದ ಸಣ್ಣದಕ್ಕೆ ಇಳಿಯುವ ಮೂಲೆಯನ್ನು ಎರಡು ಮಿಲಿಮೀಟರ್ ತ್ರಿಜ್ಯದಲ್ಲಿ ದುಂಡಗೆ ಬಿಡಬೇಕೆಂದು ಅದರಲ್ಲಿ ಬರೆದಿತ್ತು. ಲೇತಿನವನ ಬಳಿ ಆ ಟೂಲ್ ಇರಲಿಲ್ಲ. ಅವನು ಮೂಲೆಯನ್ನು ಚೂಪಾಗಿಯೇ ಕಡಿದ. ಲಾಟು ನನ್ನ ಮೇಜಿಗೆ ಬಂತು. ವ್ಯಾಸ ಸರಿಯಿತ್ತು, ಉದ್ದ ಸರಿಯಿತ್ತು, ಮೂಲೆ ಸರಿಯಿರಲಿಲ್ಲ. 'ಆ ಮೂಲೆಯಲ್ಲಿ ಏನೂ ಕೂರುವುದಿಲ್ಲ, ಏನೂ ತಾಗುವುದಿಲ್ಲ, ಸಹಿ ಹಾಕಿ, ಟೆಂಪೋ ನಿಂತಿದೆ' ಎಂದರು ಮಾಲಕರು. ಆ ಮೂಲೆ ದುಂಡಗೆ ಏಕಿರಬೇಕೆಂದು ನನಗೂ ಗೊತ್ತಿರಲಿಲ್ಲ. ಸಹಿ ಹಾಕಿದೆ. ಎಂಟು ತಿಂಗಳೊಳಗೆ ಶಾಫ್ಟುಗಳು ಒಂದೊಂದಾಗಿ ಮರಳಿ ಬಂದವು. ಪ್ರತಿಯೊಂದೂ ಅದೇ ಮೂಲೆಯಲ್ಲಿ, ಚಾಕುವಿನಿಂದ ಕೊಯ್ದಂತೆ, ಎರಡು ತುಂಡಾಗಿತ್ತು.

ನಮ್ಮಲ್ಲಿ ಮರಾಠಿಯ ಒಬ್ಬ ಹಿರಿಯ ಫೋರ್‌ಮನ್ ಇದ್ದರು. ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದೆವು. ಅವರು ತುಂಡಾದ ಶಾಫ್ಟನ್ನು ನನ್ನ ಮುಂದಿಟ್ಟು ಹೇಳಿದರು: 'ಥಾಣೆ ಸ್ಟೇಷನ್ನಿನ ಪೂಲಿನ ಮೇಲೆ ಜನ ಎಲ್ಲಿ ಒತ್ತುತ್ತಾರೆ? ಪೂಲು ಅಗಲವಿದ್ದಲ್ಲಿ ಅಲ್ಲ, ಮೆಟ್ಟಿಲಿನ ತಿರುವಿನಲ್ಲಿ. ಬಲವೂ ಹಾಗೆಯೇ ಹರಿಯುತ್ತದೆ. ತಿರುವು ದುಂಡಗಿದ್ದರೆ ನಯವಾಗಿ ಹೋಗುತ್ತದೆ; ಚೂಪಾಗಿದ್ದರೆ ಅಲ್ಲಿಯೇ ನೂಕುನುಗ್ಗಲು, ಅಲ್ಲಿಯೇ ಬಿರುಕು.' ಆ ಶಾಫ್ಟುಗಳಿಂದ ಪಂಪು ನಿಂತಿತೇ ಹೊರತು ಯಾರ ಪ್ರಾಣವೂ ಹೋಗಲಿಲ್ಲ. ಆದರೆ ಆ ಸಹಿ ನನ್ನದು. ಆಕಾಶದಲ್ಲಿ ತುಂಡಾಗುವ ವಸ್ತುವಿನ ಕಾಗದದ ಮೇಲೆ ಅಂಥ ಸಹಿ ಬಿದ್ದಿದ್ದರೆ ಏನಾಗುತ್ತಿತ್ತು ಎಂಬ ವಿಚಾರ ನನ್ನನ್ನು ಇಂದಿಗೂ ಬಿಟ್ಟಿಲ್ಲ. ದುಬೈಯ ಅಪಘಾತಕ್ಕೆ ಕಾರಣ ಇಂಥದೆಂದು ನಾನು ಹೇಳುತ್ತಿಲ್ಲ. ಅದನ್ನು ಹೇಳಬೇಕಾದದ್ದು ತನಿಖೆ. ನಾನು ಹೇಳುತ್ತಿರುವುದು ನನ್ನ ಪಾಠವನ್ನು ಮಾತ್ರ.

ನಕ್ಷೆಯಲ್ಲಿ 'ಎಷ್ಟು' ಎಂದು ಬರೆದಿರುತ್ತದೆ, 'ಹೇಗೆ' ಎಂದು ಬರೆದಿರುತ್ತದೆ. 'ಏಕೆ' ಎಂದು ಬರೆದಿರುವುದಿಲ್ಲ. ಪರವಾನಗಿ ಕೊಂಡು ವಿಮಾನ ಕಟ್ಟುವವರಿಗೆ ನಕ್ಷೆ ಬರುತ್ತದೆ. ಆ ಆಕಾರಕ್ಕೆ ಬರುವ ಮುಂಚೆ ಎಷ್ಟು ಅಲಗುಗಳು ಮುರಿದವು, ಯಾವ ಮಿಶ್ರಲೋಹ ಎಲ್ಲಿ ಬಿರಿಯಿತು ಎಂಬ ವೃತ್ತಾಂತ ಮೂಲ ತಯಾರಕರ ಕಪಾಟಿನಲ್ಲೇ ಉಳಿಯುತ್ತದೆ. ನೂರಾರು ಮಿಗ್ ಕಟ್ಟಿದರೂ ಒಂದು ಎಂಜಿನ್ ರೂಪಿಸುವುದು ನಮಗೆ ಏಕೆ ಬರಲಿಲ್ಲವೆಂಬುದಕ್ಕೆ ಇದೇ ಉತ್ತರ. ಕಾವೇರಿ ಸೋತಿತೆಂದು ನಗುವವರು ಯೋಚಿಸಬೇಕು: ಆ 'ಏಕೆ'ಗಳನ್ನು ನಮ್ಮ ದೇಶದಲ್ಲಿ ಮೊದಲು ಬರೆದಿಟ್ಟುಕೊಂಡದ್ದು ಆ ಸೋಲು. ಮೂರು ದಶಕಗಳಲ್ಲಿ ಕಾವೇರಿಗೆ ವೆಚ್ಚವಾದದ್ದು ಸುಮಾರು 2,000 ಕೋಟಿ ರೂಪಾಯಿ. 2025ರ ಸೆಪ್ಟೆಂಬರಿನಲ್ಲಿ ಇನ್ನೂ 97 ತೇಜಸ್ ವಿಮಾನಗಳಿಗೆ ಮಾಡಿಕೊಂಡ ಒಪ್ಪಂದದ ಮೊತ್ತ 62,370 ಕೋಟಿ. ಹೃದಯಕ್ಕಾಗಿ ಕೈಬಿಗಿ ಹಿಡಿದು, ದೇಹಕ್ಕಾಗಿ ಧಾರಾಳವಾಗುವ ಈ ಲೆಕ್ಕವನ್ನು ಪ್ರಶ್ನಿಸುವುದು ನಾಗರಿಕರಾದ ನಮ್ಮ ಹಕ್ಕು.

ಮುಂದಿನ ತಲೆಮಾರಿನ, ರಡಾರಿಗೆ ಸುಲಭವಾಗಿ ಕಾಣದ, ಶಸ್ತ್ರಗಳನ್ನು ಹೊಟ್ಟೆಯೊಳಗೇ ಅಡಗಿಸಿಕೊಳ್ಳುವ ಯುದ್ಧವಿಮಾನದ ಯೋಜನೆಗೆ 2024ರ ಮಾರ್ಚಿನಲ್ಲಿ ಒಪ್ಪಿಗೆ ಸಿಕ್ಕಿದೆ. ಅದರ ಎಂಜಿನನ್ನು ಫ್ರಾನ್ಸಿನ ಸಫ್ರಾನ್ ಕಂಪನಿಯ ಜೊತೆಗೂಡಿ ಇಲ್ಲಿಯೇ ನಿರ್ಮಿಸುವ ವಿಚಾರವನ್ನು ರಕ್ಷಣಾ ಸಚಿವರು 2025ರ ಆಗಸ್ಟಿನಲ್ಲಿ ಪ್ರಕಟಿಸಿದರು. ಸಂತೋಷ. ಆದರೆ ನಮ್ಮ ಸಂಸದರು ಕೇಳಬೇಕಾದ ಪ್ರಶ್ನೆ ಒಂದೇ: ನಮಗೆ ಬರುವುದು ನಕ್ಷೆಯೋ, ನಕ್ಷೆಯ ಹಿಂದಿನ ಕಾರಣವೋ? 'ಇಲ್ಲಿ ತಯಾರಾಯಿತು' ಎಂಬ ಫಲಕ ನೋಡಿ ತೃಪ್ತರಾದರೆ ಇನ್ನು ಮೂವತ್ತು ವರ್ಷಗಳ ಮೇಲೆ ಇದೇ ವೇದಿಕೆಯಲ್ಲಿ ಇನ್ನೊಬ್ಬರು ಇದೇ ಭಾಷಣ ಮಾಡಬೇಕಾದೀತು.

ಹೊರನಾಡಿನ ಕನ್ನಡಿಗರಾದ ನಮಗೆ ಈ ಕಥೆಯಲ್ಲಿ ಇನ್ನೊಂದು ಅರ್ಥವಿದೆ. ಬೆಂಗಳೂರಿನ ವಿಮಾನ ಕಾರ್ಖಾನೆ ನಮ್ಮ ಹೆಮ್ಮೆ, ಸರಿ. ಅದನ್ನು 1940ರ ಡಿಸೆಂಬರಿನಲ್ಲಿ ಸ್ಥಾಪಿಸಿದವರು ಸೊಲ್ಲಾಪುರದಲ್ಲಿ ಹುಟ್ಟಿ ಮುಂಬಯಿಯಲ್ಲಿ ಉದ್ಯಮಿಯಾದ ವಾಲ್‌ಚಂದ್ ಹೀರಾಚಂದ್. ಮೈಸೂರು ಸಂಸ್ಥಾನ, ದಿವಾನ್ ಮಿರ್ಜಾ ಇಸ್ಮಾಯಿಲ್ಲರ ದೂರದೃಷ್ಟಿಯಿಂದ, ನೆಲವನ್ನೂ ಬಂಡವಾಳವನ್ನೂ ಕೊಟ್ಟಿತು. ಅಲ್ಲಿ ಎಚ್.ಟಿ.-2 ಎಂಬ ತರಬೇತಿ ವಿಮಾನವನ್ನು ರೂಪಿಸಿ 1951ರಲ್ಲಿ ಹಾರಿಸಿದವರು ಕೊಲ್ಲಾಪುರದ ಕಡೆಯ ವಿಷ್ಣು ಮಾಧವ ಘಾಟಗೆ. ತೇಜಸ್ಸಿನ ಹರಿನಾರಾಯಣರು ಒಡಿಶಾದವರು. ನಾವು ಇಲ್ಲಿಗೆ ಬಂದು ದುಡಿದಂತೆ ಅವರು ಅಲ್ಲಿಗೆ ಹೋಗಿ ದುಡಿದರು. ಎರಡು ರಾಜ್ಯಗಳ ನಡುವೆ ಗಡಿಯ ಜಗಳವನ್ನಷ್ಟೇ ನೆನೆಯುವವರಿಗೆ ಈ ಕೊಡುಕೊಳ್ಳುವಿಕೆಯನ್ನೂ ನಾವು ನೆನಪಿಸಬೇಕು.

ಅದೇ ಮಹಾಯುದ್ಧದ ಕಾಲದಲ್ಲಿ ನಮ್ಮ ಕಲ್ಯಾಣದ ಸಮೀಪದ ನೇವಾಳಿಯಲ್ಲಿ ಬ್ರಿಟಿಷರು ರೈತರ ಜಮೀನು ತೆಗೆದುಕೊಂಡು ವಿಮಾನಕಟ್ಟೆ ಮಾಡಿದರು. ಯುದ್ಧ ಮುಗಿಯಿತು, ವಿಮಾನಗಳು ಹೋದವು. ಉಳಿದದ್ದು ಪಾಳುಬಿದ್ದ ಓಡುಪಥ, ಮತ್ತು ಭೂಮಿ ಕಳೆದುಕೊಂಡವರ ಸಿಟ್ಟು. ಆ ಸಿಟ್ಟು 2017ರ ಜೂನಿನಲ್ಲಿ ಹೇಗೆ ಹೊತ್ತಿಕೊಂಡಿತೆಂದು ತಾವೇ ಕಂಡಿದ್ದೀರಿ. ಬೆಂಗಳೂರಿನಲ್ಲಿ ನೆಲದ ಮೇಲೆ ಕಾರ್ಖಾನೆ ಎದ್ದಿತು; ಕಾರ್ಖಾನೆಯ ಸುತ್ತ ಪ್ರಯೋಗಾಲಯಗಳು, ವಿದ್ಯಾರ್ಥಿಗಳು, ಕುಶಲಕರ್ಮಿಗಳು ಬೆಳೆದರು. ಒಂದು ಕಡೆ ವಿಮಾನ ಬಂದು ಹೋಯಿತು, ಇನ್ನೊಂದು ಕಡೆ ವಿಮಾನದ ವಿದ್ಯೆ ಬಂದು ನೆಲೆಸಿತು. ರೈತನಿಂದ ಪಡೆದ ನೆಲಕ್ಕೆ ನ್ಯಾಯವಾದ ಬೆಲೆಯ ಜೊತೆಗೆ ಇಂಥ ಫಲವೂ ಸಲ್ಲಬೇಕು.

ಕೊನೆಯದಾಗಿ ಒಂದು ಮಾತು. ಕಾವೇರಿಯ ಕಥೆ ಮುಗಿದಿಲ್ಲ. ಪೈಲಟ್ ಇಲ್ಲದೆ ಹಾರುವ ಯುದ್ಧವಿಮಾನಕ್ಕಾಗಿ ಅದರ ಮಾರ್ಪಟ್ಟ ರೂಪವನ್ನು ಸಿದ್ಧಪಡಿಸಲಾಗುತ್ತಿದೆ. ಅದರ ಭಾಗಗಳನ್ನು ಜೋಡಿಸಿ ಒದಗಿಸುವ ಕೆಲಸ 2023ರಲ್ಲಿ ವಿಕ್ರೋಳಿಯ ಗೋದ್ರೇಜ್ ಕಂಪನಿಗೆ ಸಿಕ್ಕಿತು. ನಾವು ದಿನವೂ ಗಾಡಿಯಲ್ಲಿ ದಾಟಿ ಹೋಗುವ ವಿಕ್ರೋಳಿ. ಅಂಬರನಾಥದ ರಕ್ಷಣಾ ಕಾರ್ಖಾನೆಗಳಲ್ಲಿ, ವಾಗ್ಳೆ ಎಸ್ಟೇಟಿನಲ್ಲಿ, ಥಾಣೆ-ಬೇಲಾಪುರ ರಸ್ತೆಯ ಶೆಡ್ಡುಗಳಲ್ಲಿ ನಮ್ಮ ಮಕ್ಕಳು ಇಂದೂ ಲೇತು ನಡೆಸುತ್ತಾರೆ, ಗೇಜು ಹಿಡಿಯುತ್ತಾರೆ. ಅವರಿಗೆ ನನ್ನ ಪ್ರಾರ್ಥನೆ ಇಷ್ಟೇ: ಟೆಂಪೋ ಬಾಗಿಲಲ್ಲಿ ನಿಂತಿದ್ದರೂ, ಮಾಲಕರು ಗಡಿಯಾರ ನೋಡುತ್ತಿದ್ದರೂ, ಮೂಲೆಯ ದುಂಡನ್ನು ಅಳೆಯದೆ ಸಹಿ ಹಾಕಬೇಡಿ. 'ಇದು ಹೀಗೇಕೆ' ಎಂದು ಕೇಳಲು ನಾಚಬೇಡಿ. ಕನ್ನಡದಲ್ಲಿ ಕೇಳಿ, ಮರಾಠಿಯಲ್ಲಿ ಕೇಳಿ, ಆದರೆ ಕೇಳಿ.

ಆ ಇಬ್ಬರು ತರುಣರು ಡೊಂಬಿವಲಿಯಲ್ಲೇ ಇಳಿದರು. ಈ ಸಭೆಯಲ್ಲಿದ್ದರೆ ಅವರಿಬ್ಬರಿಗೂ ನನ್ನ ನಮಸ್ಕಾರ.